ಮಧ್ಯಾಹ್ನ ಒಂದಕ್ಕೆ ಫೋನೆತ್ತುವವನು

ಆ ವಿಧಾನ ನಿಶ್ಮಿತಾಳದ್ದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಆಮೇಲೆ ಆದದ್ದಕ್ಕೆಲ್ಲ ಅವಳ ಬಾಸ್ ಯುಸ್ಟೇಸ್ ಸರ್ ತಲೆಯ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಳ್ಳುವುದು ಬಹಳ ಸುಲಭ. ಅವರನ್ನು ಬೈಯಲಿಕ್ಕೆ ಬೇಕಾದಷ್ಟಿದೆ, ಇಲ್ಲವೆಂದಲ್ಲ. ಆದರೆ ಆ ದಿನ ಮೀಟಿಂಗಿನಲ್ಲಿ ಕೈ ಎತ್ತಿ, "ಮಧ್ಯಾಹ್ನ ಒಂದಕ್ಕೆ ಫೋನ್ ಮಾಡುವ ಸರ್" ಅಂದವಳು ಅವಳೇ. ಯಾರೂ ಅವಳ ಬಾಯಿಗೆ ಕೋಲು ಹಾಕಿರಲಿಲ್ಲ.

ಗಲ್ಫಿನ ಮನಾಮದಲ್ಲಿ ಅವರ ಆಫೀಸು. ಹೊರಗೆ ಜೂನ್ ತಿಂಗಳ ಬಿಸಿಲು ರಸ್ತೆಯ ಡಾಂಬರನ್ನೇ ಮೆತ್ತಗೆ ಮಾಡುತ್ತಿದ್ದರೆ, ಒಳಗೆ ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಇವರ ಕಂಪನಿಯ ಕೆಲಸ ಅಂದರೆ ಸರ್ಕಾರದ ನೀತಿಗಳನ್ನು ಅಳೆದು ನೋಡುವುದು. ಯಾವುದಾದರೂ ನಿಯಮ ಬಂದರೆ ಅದು ನಿಜಕ್ಕೂ ನಡೆಯುತ್ತಿದೆಯೋ, ಕಾಗದದ ಮೇಲಷ್ಟೇ ಇದೆಯೋ ಅಂತ ಲೆಕ್ಕ ಹಾಕಿ ವರದಿ ಕೊಡಬೇಕು. ಈ ಸಲ ಒಂದು ಇಲಾಖೆ ಕೇಳಿದ್ದ ಪ್ರಶ್ನೆ ಸಣ್ಣದು. ಬೇಸಿಗೆಯ ತಿಂಗಳುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಯಾರನ್ನೂ ಬಿಸಿಲಲ್ಲಿ ದುಡಿಸಬಾರದು ಎಂಬ ನಿಯಮವನ್ನು ಕಂಪನಿಗಳು ಪಾಲಿಸುತ್ತಿವೆಯೇ? ಪಾಲಿಸುತ್ತಿಲ್ಲ ಎಂದಾದರೆ ಇನ್ಸ್‌ಪೆಕ್ಟರುಗಳ ಮಧ್ಯಾಹ್ನದ ಗಸ್ತು ಹೆಚ್ಚುತ್ತದೆ. ಪಾಲಿಸುತ್ತಿವೆ ಎಂದಾದರೆ ಗಸ್ತು ಕಡಿಮೆಯಾಗುತ್ತದೆ, ಕಂಪನಿಗಳೇ ಬರೆದುಕೊಡುವ ಹೇಳಿಕೆ ಸಾಕಾಗುತ್ತದೆ. ಅಂದರೆ ಇವರ ಒಂದು ವರದಿಯ ಮೇಲೆ ಎಷ್ಟೋ ಜನರ ನೆತ್ತಿಯ ನೆರಳು ನಿಂತಿತ್ತು.

ಯುಸ್ಟೇಸ್ ಸರ್ ಬಿಳಿ ಬೋರ್ಡಿನ ಮೇಲೆ ಮೂರು ವಿಧಾನ ಬರೆದರು. ಮಂಗಳೂರಿನ ಬೆಂದೂರಿನವರು, ಗಲ್ಫಿನಲ್ಲೇ ತಲೆ ಹಣ್ಣಾದವರು, ಇಗರ್ಜಿಯ ಗಾಯನ ತಂಡದಲ್ಲಿ ಹಾಡುವವರು. ಮಾತೂ ಹಾಡಿನ ಹಾಗೇ, ಎಲ್ಲಿಯೂ ಏರು ದನಿ ಇಲ್ಲ.

"ಒಂದು, ಹೇಳದೆ ಕೇಳದೆ ಸೈಟಿಗೆ ಹೋಗಿ ನೋಡುವುದು. ಆದರೆ ಗೇಟಿನಲ್ಲಿ ಪರ್ಮಿಶನ್ ಬೇಕು. ಪರ್ಮಿಶನ್ ಕೇಳಿದ ಮೇಲೆ ಅದು ಹೇಳದೆ ಹೋದ ಹಾಗೆ ಆಗುದಿಲ್ಲ. ಎರಡು, ಲೇಬರ್ ಕ್ಯಾಂಪಿಗೆ ಹೋಗಿ ಜನರನ್ನು ಕೂರಿಸಿ ಮಾತಾಡಿಸುವುದು. ಕ್ಲೈಂಟ್ ಅದಕ್ಕೆ ಕಥೆ ಅಂತಾರೆ, ಪುರಾವೆ ಅನ್ನುದಿಲ್ಲ. ಮೂರು, ಫೋನ್ ಸರ್ವೆ. ನಂಬರ್ ಸಿಗ್ತದೆ. ಆದ್ರೆ ಯಾವಾಗ ಮಾಡುದು? ಬೆಳಿಗ್ಗೆ ಕೆಲಸ. ಸಂಜೆ ಅಡುಗೆ, ಬಟ್ಟೆ, ಸ್ನಾನಕ್ಕೆ ಕ್ಯೂ. ಯಾರೂ ಎತ್ತುದಿಲ್ಲ."

ಆಗ ನಿಶ್ಮಿತಾ ಕೈ ಎತ್ತಿದ್ದು. ಅವಳಿಗೆ ಅದು ಅಷ್ಟು ಖಚಿತವಾಗಿತ್ತು. ಅವಳ ಅಣ್ಣ ಕಮಲಾಕ್ಷ ಮೀನಾ ಸಲ್ಮಾನ್ ಬಂದರಿನ ಕಡೆ ಗೋಡೌನುಗಳಿಗೆ ಕಬ್ಬಿಣದ ಮಾಡು, ಅಂದರೆ ಚಾವಣಿ, ಕೂರಿಸುವ ಗ್ಯಾಂಗಿನಲ್ಲಿ ವೆಲ್ಡರ್. ಆ ಬೇಸಿಗೆ ನಿಯಮ ಶುರುವಾದಾಗಿನಿಂದ ಅವನು ದಿನಾ ಮಧ್ಯಾಹ್ನ ಒಂದಕ್ಕೆ ಅವಳಿಗೆ ಫೋನ್ ಮಾಡುತ್ತಿದ್ದ. ಊಟ ಆಯಿತಾ, ಸಾರಿಗೆ ಎಂತ, ಊರಿಂದ ಫೋನ್ ಬಂದಿತ್ತಾ ಅಂತ ಆರಾಮವಾಗಿ ಹರಟುತ್ತಿದ್ದ. ಹಿಂದಿನ ವರ್ಷಗಳಲ್ಲಿ ಶುಕ್ರವಾರ ಬಿಟ್ಟರೆ ಅವನ ದನಿಯೇ ಸಿಗುತ್ತಿರಲಿಲ್ಲ. ನಿಯಮ ನಡೆಯುತ್ತಿದೆ ಎನ್ನಲಿಕ್ಕೆ ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ರೆಸ್ಟ್ ಟೈಮಲ್ಲೇ ಮಾಡುವ ಸರ್. ನನ್ನ ಅಣ್ಣನೇ ದಿನಾ ಒಂದಕ್ಕೆ ಫೋನ್ ಮಾಡ್ತಾನೆ. ಆ ಹೊತ್ತಿಗೆ ಎಲ್ಲರ ಕೈಯಲ್ಲೂ ಫೋನ್ ಇರ್ತದೆ."

ಯುಸ್ಟೇಸ್ ಸರ್ ಮಾರ್ಕರಿನ ಮುಚ್ಚಳ ಹಾಕಿ, ಅವಳನ್ನೇ ಒಂದು ಗಳಿಗೆ ನೋಡಿ, "ವೆರಿ ಗುಡ್" ಅಂದರು. "ಮೆಥಡಾಲಜಿ ಅಧ್ಯಾಯ ನೀನೇ ಬರಿ. ನಿನ್ನ ಹೆಸರೇ ಹಾಕುವ."

ಅಷ್ಟು ಬೇಗ ಒಪ್ಪಿದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮಂಗಳೂರಿನಲ್ಲಿ ಸಂಖ್ಯಾಶಾಸ್ತ್ರ ಎಂ.ಎಸ್ಸಿ. ಮಾಡಿ ಬಂದವಳು, ಇಲ್ಲಿ ಎರಡು ವರ್ಷ ಬೇರೆಯವರ ಟೇಬಲ್ಲುಗಳಿಗೆ ಗೆರೆ ಎಳೆದು ಸಾಕಾಗಿದ್ದವಳು. ಮೂಗಿಗೆ ಅಷ್ಟು ತುಪ್ಪ ಸವರಿದ್ದೇ ತಡ, ಹಾರಿಕೊಂಡು ಹೋಗಿ ಬರೆಯಲು ಕೂತಳು. ಪ್ರಶ್ನೆಗಳೂ ಅವಳವೇ. ಮೊದಲ ಪ್ರಶ್ನೆ: ಈಗ ನೀವು ಎಲ್ಲಿದ್ದೀರಿ? ಸರಳವಾಗಿದೆ, ಯಾರೂ ತಪ್ಪು ತಿಳಿಯುವ ಹಾಗಿಲ್ಲ ಅಂತ ಎಲ್ಲರೂ ಹೊಗಳಿದರು.

ಜುಲೈಯಲ್ಲಿ ಕರೆಗಳು ನಡೆದವು. ಕರೆ ಮಾಡುವ ತಂಡದ ಮೇಲ್ವಿಚಾರಕ ಇಜಾಝ್, ಲಾಹೋರಿನವನು, ಸಂಜೆ ಫಲಿತಾಂಶ ತಂದಿಟ್ಟು ಕೈ ಉಜ್ಜಿಕೊಳ್ಳುತ್ತಿದ್ದ. ಫೋನೆತ್ತಿದವರಲ್ಲಿ ನೂರಕ್ಕೆ ತೊಂಬತ್ತೇಳು ಮಂದಿ ಆ ಹೊತ್ತಿನಲ್ಲಿ ನೆರಳಿನಲ್ಲಿದ್ದರು.

ನಿಶ್ಮಿತಾ ಅದನ್ನು ರಾತ್ರಿ ಊಟದ ಹೊತ್ತಿಗೆ ಫ್ಲಾವಿಯಾ ಆಂಟಿಗೆ ಹೇಳಿದಳು. ರಿಫಾದಲ್ಲಿ ಫ್ಲಾವಿಯಾ ಆಂಟಿಯ ಫ್ಲ್ಯಾಟಿನ ಒಂದು ರೂಮಿನಲ್ಲೇ ಅವಳ ವಾಸ. ಆಂಟಿ ಬಂದರಿನ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್, ಬಾಯಿ ಬಿಟ್ಟರೆ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿಯಬೇಕು, ಅಂಥ ಹೆಂಗಸು. ಬಂಗುಡೆಯ ಮುಳ್ಳು ಬಿಡಿಸುತ್ತ ಕೇಳಿಸಿಕೊಂಡಳು.

"ತೊಂಬತ್ತೇಳಾ?"

"ಹೂಂ ಆಂಟಿ."

"ಹಾಗಾದ್ರೆ ಮಧ್ಯಾಹ್ನ ಎರಡು ಗಂಟೆಗೆ ನಮ್ಮಲ್ಲಿಗೆ ಎತ್ತಿಕೊಂಡು ಬರ್ತಾರಲ್ಲ, ಬಾಯಿ ಒಣಗಿ, ಕಣ್ಣು ಮೇಲೆ ಹೋಗಿ, ಅವರೆಲ್ಲ ಎಲ್ಲಿಂದ ಬರುದು ಮಾರಾಯ್ತಿ? ನೆರಳಲ್ಲಿ ಕೂತು ಕೂತು ಬಿಸಿಲು ತಾಗಿತಾ?"

"ನೀವು ನೋಡುದು ಕಾಯಿಲೆ ಆದವರನ್ನು ಮಾತ್ರ ಆಂಟಿ. ಆರಾಮ ಇದ್ದವರು ನಿಮ್ಮಲ್ಲಿಗೆ ಬರುದೇ ಇಲ್ಲ. ಅದರಿಂದ ಲೆಕ್ಕ ಹಾಕ್ಲಿಕ್ಕೆ ಆಗುದಿಲ್ಲ."

"ಸರಿಯಮ್ಮ. ನೀನು ಕೇಳುದು ಫೋನ್ ಎತ್ತಿದವರನ್ನು ಮಾತ್ರ. ನಿಂದು ಲೆಕ್ಕ, ನಂದು ಕಥೆ." ಆಂಟಿ ಎದ್ದು ಕೈ ತೊಳೆಯಲು ಹೋದಳು. "ಡ್ರಿಪ್ ಹಾಕಿದಾಗ ಎಲ್ಲರೂ ಒಂದೇ ಹೇಳುದು. ಬೀಳುವಾಗ ರೆಸ್ಟಲ್ಲಿದ್ದೆ ಸಿಸ್ಟರ್ ಅಂತ."

ನಿಶ್ಮಿತಾ ತಟ್ಟೆಯಲ್ಲಿ ಉಳಿದಿದ್ದ ಬಂಗುಡೆಯನ್ನು ಬದಿಗೆ ಸರಿಸಿದಳು.

ಮರುದಿನ ಇಜಾಝನ ಬಳಿ ಹೋಗಿ, ಗುಣಮಟ್ಟ ನೋಡಬೇಕು, ಬಂದರಿನ ಕಡೆಯ ಕರೆಗಳ ರೆಕಾರ್ಡಿಂಗ್ ಹಾಕಿ ಅಂದಳು. ಅವನಿಗೆ ಖುಷಿ. ಆ ಗೋಡೌನಿನ ಗ್ಯಾಂಗು ಬಹಳ ಸಭ್ಯರು ಮೇಡಂ, ಮೊದಲ ರಿಂಗಿಗೇ ಎತ್ತುತ್ತಾರೆ ಅಂತ ಹಿಂದಿಯಲ್ಲಿ ಹೊಗಳಿ, ಕಿವಿಗೆ ಹಾಕುವುದನ್ನು ಕೊಟ್ಟು ಹೋದ.

ಮೊದಲ ಕರೆ ಬಿಹಾರದ ರಾಮ್ ಅವಧ್ ಎಂಬವನದು. ಫೋನೆತ್ತಿದವನು ಒಂದು ಸಲ ಕೆಮ್ಮಿ, "ಹಾಂ ಸಾಬ್" ಅಂದ. ಈಗ ಎಲ್ಲಿದ್ದೀರಿ ಅಂತ ಕೇಳಿದ್ದಕ್ಕೆ, "ಛಾಂವ್ ಮೇಂ ಬೈಠಾ ಹೂಂ" ಎಂದ. ನೆರಳಲ್ಲಿ ಕೂತಿದ್ದೇನೆ. ಎರಡನೆಯದು ಮಲಯಾಳಿ ಬಿಜು. ಒಂದು ಕೆಮ್ಮು, ನೆರಳಲ್ಲಿ ಕೂತಿದ್ದೇನೆ. ಮೂರನೆಯದು ಬಾಂಗ್ಲಾದ ಶಫಿಉಲ್. ಅದೇ ಕೆಮ್ಮು, ಅದೇ ನೆರಳು. ಹಿಂದಿಯ ಪ್ರತಿ ವಾಕ್ಯದ ಕೊನೆಯನ್ನೂ ತುಳುವಿನ ಹಾಗೆ ಒಂಚೂರು ಎಳೆದು ಬಿಡುವ ಆ ದನಿ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅಪ್ಪ ಇಲ್ಲದ ಮನೆಯಲ್ಲಿ ಅವಳ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಿ, ಗಣಿತಕ್ಕೆ ಎಂತ ಕಮ್ಮಿಯಾದ್ದು ಅಂತ ಕೇಳುತ್ತಿದ್ದ ದನಿ ಅದು.

ಮೊದಲು ಅವಳಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಅಣ್ಣ ಒಬ್ಬ ನೆರಳಲ್ಲಿದ್ದಾನೆ ಸರಿ. ಈ ಉಳಿದವರೆಲ್ಲ ಎಲ್ಲಿದ್ದಾರೆ?

ಶುಕ್ರವಾರ ಕ್ಯಾಂಪಿಗೆ ಹೋದಳು. ಕಮಲಾಕ್ಷ ಬಾಗಿಲಲ್ಲೇ ಕಾಯುತ್ತಿದ್ದ. ತಂಗಿ ಬರುತ್ತಾಳೆಂದು ರೂಮಿನವರೆಲ್ಲ ಹೊರಗೆ ಹೋಗಿ ಜಾಗ ಬಿಟ್ಟುಕೊಟ್ಟಿದ್ದರು. ಮೇಲೆ ಕೆಳಗೆ ಮಂಚಗಳ ನಡುವೆ ಒಂದು ಸ್ಟೂಲು, ಅದರ ಮೇಲೆ ಗಾಜಿನ ಲೋಟದಲ್ಲಿ ಸುಲೈಮಾನಿ ಚಹಾ, ಪಕ್ಕದಲ್ಲಿ ಬಿಸ್ಕೆಟು. ಅವನು ಇಳಿದುಹೋಗಿದ್ದ. ಕುತ್ತಿಗೆಯ ಚರ್ಮ ಸುಲಿದು ಹೊಸದು ಬರುತ್ತಿತ್ತು. ಇದನ್ನು ಅವಳು ಮುಂಚೆಯೇ ನೋಡಬಹುದಿತ್ತು, ದಿನಾ ದನಿ ಕೇಳುತ್ತೇನಲ್ಲ ಅಂತ ನೋಡಲು ಬಂದೇ ಇರಲಿಲ್ಲ.

"ಸರ್ವೆ ಹೇಗಾಯ್ತು? ಪಾಸಾ?" ಅವರ ಮಾತು ತುಳುವಿನಲ್ಲೇ. ಅವನ ಮುಖದಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು.

"ರಾಮ್ ಅವಧನ ಫೋನ್ ನೀನು ಎತ್ತಿದ್ದು ಯಾಕಣ್ಣ?"

ಅವನು ಬಿಸ್ಕೆಟಿನ ತಟ್ಟೆಯನ್ನು ಅವಳ ಕಡೆ ಸರಿಸಿದ. "ಅವನು ಮೇಲೆ ಇದ್ದ. ಮತ್ತೆ ಯಾರು ಎತ್ತುದು?"

"ಮೇಲೆ ಅಂದ್ರೆ?"

"ಮಾಡಿನ ಮೇಲೆ. ಫೋನ್ ಮೇಲೆ ತಗೊಂಡು ಹೋಗ್ಲಿಕ್ಕಿಲ್ಲ, ಶಾಖಕ್ಕೆ ಆಫ್ ಆಗ್ತದೆ. ಎಲ್ಲರದ್ದೂ ಒಂದು ಪೈಂಟಿನ ಬಕೆಟಲ್ಲಿ ಹಾಕಿ ಕೆಳಗೆ ಇಡ್ತಾರೆ. ಬಕೆಟ್ ನೋಡಿಕೊಳ್ಳುದು, ನೀರಿನ ಡ್ರಮ್ ನೋಡಿಕೊಳ್ಳುದು ನಾನು. ಇನ್ಸ್‌ಪೆಕ್ಟರ್ ಗಾಡಿ ಕಂಡ್ರೆ ಪೈಪಿಗೆ ಬಡಿಯುದೂ ನಾನೇ. ಎಲ್ಲರೂ ಇಳಿದು ಬರ್ತಾರೆ. ಗಾಡಿ ಬರುವ ಹೆದರಿಕೆ ಉಂಟಲ್ಲ, ಅದರಿಂದಾಗಿ ಫೋರ್‌ಮನ್ ಆಗಾಗ ರೆಸ್ಟಿಗೆ ಬಿಡ್ತಾನೆ ಸಹ."

"ನೀನು ಯಾಕೆ ಕೆಳಗೆ?"

ಅವನು ಲೋಟ ಎತ್ತಿಕೊಂಡ. ಲೋಟದ ಚಹಾ ಆರಿದ್ದರೂ ಊದಿದ. ಜೂನಿನಲ್ಲಿ ಏಣಿ ಇಳಿದು ಎರಡು ಹೆಜ್ಜೆ ಇಟ್ಟದ್ದಷ್ಟೇ ನೆನಪು, ಬಿದ್ದದ್ದು ಗೊತ್ತಿಲ್ಲ ಅಂದ. ಕಣ್ಣು ಬಿಟ್ಟಾಗ ಯಾರೋ ನೀರು ಹೊಯ್ಯುತ್ತಿದ್ದರು. ಆಮೇಲೆ ಕೆಮ್ಮು ಹಿಡಿಯಿತು, ಮೇಲೆ ಹತ್ತಿದರೆ ಕೈ ನಡುಗುತ್ತದೆ. ಫೋರ್‌ಮನ್ ಪುಣ್ಯಾತ್ಮ, ಊರಿಗೆ ಕಳಿಸಲಿಲ್ಲ, ಬಕೆಟಿನ ಹತ್ತಿರ ಕೂರಿಸಿದ.

"ಹಾಗಾಗಿ ನಿನಗೆ ದಿನಾ ಫೋನ್ ಮಾಡ್ಲಿಕ್ಕೆ ಆದ್ದು," ಅಂದ. ಅದೊಂದು ಲಾಭವಾಯಿತು ಎನ್ನುವ ಹಾಗೆ ನಕ್ಕ.

ನಿಶ್ಮಿತಾ ಯಾವ ಒಂದು ಗಂಟೆಯ ಕರೆಯನ್ನು ನಂಬಿ ಇಡೀ ವಿಧಾನವನ್ನು ಕಟ್ಟಿದ್ದಳೋ, ಆ ಕರೆ ಬಂದದ್ದು ನಿಯಮ ನಡೆಯುತ್ತಿದೆಯೆಂದಲ್ಲ. ಅಣ್ಣ ಬಿದ್ದಿದ್ದನೆಂದು. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದೆ ಅವನ ಮೇಲೆಯೇ ಹಾಕಿದಳು.

"ಎತ್ತದೆ ಬಿಡ್ಬಹುದಿತ್ತಲ್ಲ? ಯಾಕೆ ಸುಳ್ಳು ಹೇಳಿದ್ದು?"

"ಯಾವ ಸುಳ್ಳು? ಎಲ್ಲಿದ್ದೀರಿ ಅಂತ ಕೇಳಿದ್ರು. ನಾನು ನೆರಳಲ್ಲೇ ಇದ್ದೆ." ಅವನಿಗೂ ನೋವಾಯಿತು. "ನೀನೇ ಹೇಳಿದ್ದಿ, ಇದು ನನ್ನ ಹೆಸರಿನ ಕೆಲಸ, ಆಫೀಸ್ ನಂಬರಿಂದ ಫೋನ್ ಬರ್ತದೆ ಅಂತ. ಯಾರೂ ಎತ್ತದಿದ್ರೆ ನಿನಗೆ ಕೆಟ್ಟ ಹೆಸರಲ್ವಾ? ಎಲ್ಲರಿಗೂ ನಾನೇ ಹೇಳಿದೆ, ಆ ನಂಬರ್ ಬಂದ್ರೆ ಬಿಡ್ಬಾರ್ದು, ನನ್ನ ತಂಗಿಯದ್ದು ಅಂತ. ಚೆನ್ನಾಗಿ ಉತ್ತರ ಕೊಟ್ರೆ ನಿನಗೆ ಒಳ್ಳೇದಾಗ್ತದೆ ಅಂತ ಮಾಡಿದ್ದು ಮಗಾ."

ಅವಳ ಪರೀಕ್ಷೆಗೆ ಅವನು ಉತ್ತರ ಬರೆದುಕೊಟ್ಟಿದ್ದ. ಒಂದು ಪ್ರಶ್ನೆಯನ್ನೂ ಬಿಡದೆ.

"ನಾನು ಇದನ್ನು ಆಫೀಸಲ್ಲಿ ಹೇಳ್ತೇನೆ ಅಣ್ಣ. ಈ ವರದಿ ಹೋದ್ರೆ ಗಾಡಿ ಬರುದು ನಿಲ್ತದೆ. ಆಗಾಗ ಬಿಡುದೂ ಇರುದಿಲ್ಲ."

ಕಮಲಾಕ್ಷ ಬಹಳ ಹೊತ್ತು ಕೆಮ್ಮಿದ. ಆಮೇಲೆ ಮೆಲ್ಲಗೆ ಹೇಳಿದ. "ಹೇಳು. ಆ ದನಿ ಯಾರದು ಅಂತ ಕೇಳ್ತಾರೆ. ಮೊದಲು ಯಾರಿಗೆ ಊರಿನ ಟಿಕೆಟ್ ತೆಗೀತಾರೆ ಅಂತ ನಿನಗೂ ಗೊತ್ತುಂಟು. ನನಗೇನಿಲ್ಲ, ಹೋಗ್ತೇನೆ. ಅಮ್ಮುವಿನ ನರ್ಸಿಂಗ್ ಒಂದು ಮುಗೀಬೇಕಿತ್ತು." ಅಮ್ಮು ಅವನ ಮಗಳು.

ಅವಳಿಗೆ ಬಸ್ ಸ್ಟಾಪಿನವರೆಗೆ ಕೊಡೆ ಹಿಡಿದುಕೊಂಡು ಬಂದ. ಕೊಡೆ ಪೂರಾ ಅವಳ ಕಡೆಗೇ ಇತ್ತು.

ಭಾನುವಾರ ಬೆಳಿಗ್ಗೆ ಯುಸ್ಟೇಸ್ ಸರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೆಸರು ಹೇಳಲಿಲ್ಲ. ಒಂದು ಗ್ಯಾಂಗಿನಲ್ಲಿ ಎಲ್ಲರ ಫೋನನ್ನೂ ಒಬ್ಬನೇ ಎತ್ತಿದ್ದಾನೆ, ಉಳಿದವರು ಆ ಹೊತ್ತಿಗೆ ಮಾಡಿನ ಮೇಲಿದ್ದರು, ಒಂದು ಕಡೆ ಹೀಗಾದರೆ ಉಳಿದ ಕಡೆಯೂ ಆಗಿರಬಹುದು, ಸೈಟಿಗೆ ಹೋಗಿ ನೋಡದೆ ವರದಿ ಕೊಡಬಾರದು ಅಂದಳು. ಪೂರ್ತಿ ಹೇಳಿದಳು. ಅವರು ಪೂರ್ತಿ ಕೇಳಿದರು.

"ಎಲ್ಲಾ ವಿಧಾನಕ್ಕೂ ಮಿತಿ ಅಂತ ಉಂಟು ನಿಶ್ಮಿತಾ. ಮಿತಿಗಳ ಪುಟದಲ್ಲಿ ಒಂದು ಸಾಲು ಹಾಕು."

"ಇದು ಒಂದು ಸಾಲಿನ ವಿಷಯ ಅಲ್ಲ ಸರ್. ಉತ್ತರವೇ ಉಲ್ಟಾ ಆಗ್ತದೆ."

"ನಾನು ಬೋರ್ಡಲ್ಲಿ ಮೂರು ಬರೆದಿದ್ದೆ. ಆರಿಸಿದ್ದು ನೀನು."

"ನಿಮಗೆ ಆವಾಗಲೇ ಗೊತ್ತಿತ್ತಾ ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. ಆ ಒರೆಸುವಿಕೆಯಲ್ಲೂ ಒಂದು ತಾಳ ಇತ್ತು. "ಇಷ್ಟು ವರ್ಷದಲ್ಲಿ ಒಂದು ಗೊತ್ತಾಗಿದೆ. ಕ್ಲೈಂಟಿಗೆ ನಂಬರ್ ಬೇಕು, ಡೇಟ್ ತಪ್ಪಬಾರದು. ನೀನು ಈಗ ಇಲಾಖೆಗೆ ಬರೆಯುದಾದ್ರೆ ಬರಿ, ನಾನು ತಡಿಯುದಿಲ್ಲ. ಅವರು ಮೊದಲು ಆ ಗ್ಯಾಂಗ್ ಯಾವುದು ಅಂತ ಕೇಳ್ತಾರೆ. ಮತ್ತೆ ಫೋನೆತ್ತಿದವನು ಯಾರು ಅಂತ ಕೇಳ್ತಾರೆ." ಕನ್ನಡಕ ಹಾಕಿಕೊಂಡರು. "ನಾನು ಕೇಳುದಿಲ್ಲ. ನೀನೇ ಹೇಳಿದ್ದಿ ಅಲ್ವಾ, ಮೀಟಿಂಗಲ್ಲಿ. ಅಣ್ಣ ದಿನಾ ಒಂದಕ್ಕೆ ಫೋನ್ ಮಾಡ್ತಾನೆ ಅಂತ."

ಥೂ, ಎಂಥ ಮನುಷ್ಯ ಅನಿಸಿತು. ಅವರು ದನಿ ಏರಿಸಿರಲಿಲ್ಲ, ಹೆದರಿಸಿರಲಿಲ್ಲ. ಇದ್ದ ವಿಷಯವನ್ನು ಇದ್ದ ಹಾಗೆ ಹೇಳಿದ್ದರು.

ಬರೆಯಬಹುದಿತ್ತು. ಮೇಜಿಗೆ ಬಂದು ಇಲಾಖೆಗೆ ನೇರ ಒಂದು ಪತ್ರ ಶುರು ಮಾಡಿದಳು, ಅಳಿಸಿದಳು. ಮಾಡಿನ ಮೇಲಿನ ರಾಮ್ ಅವಧ್, ಬಿಜು, ಶಫಿಉಲ್ ಇವರ ಮುಖ ಅವಳು ನೋಡಿರಲಿಲ್ಲ. ಅಣ್ಣನ ಮುಖ ನೋಡಿದ್ದಳು. ತಕ್ಕಡಿ ಎತ್ತ ವಾಲಿತು ಎಂದು ಹೇಳಬೇಕಾಗಿಲ್ಲ. ಕೊನೆಗೆ ಮಿತಿಗಳ ಪುಟದಲ್ಲಿ ಹೀಗೆ ಬರೆದಳು: ಕೆಲವು ಕರೆಗಳಲ್ಲಿ ಉತ್ತರಿಸಿದವರ ಗುರುತನ್ನು ಖಚಿತಪಡಿಸಿಕೊಳ್ಳಲು ಸಾಧ್ಯವಾಗಿಲ್ಲ. ಆ ವಾಕ್ಯದಲ್ಲಿ ಮನುಷ್ಯರೇ ಇರಲಿಲ್ಲ. ಬಿಸಿಲಂತೂ ಇರಲೇ ಇಲ್ಲ. ಯುಸ್ಟೇಸ್ ಸರ್ ಅದನ್ನು ಓದಿ, ಒಂದು ಅಲ್ಪವಿರಾಮ ಸರಿಮಾಡಿ, ಹಾಗೇ ಬಿಟ್ಟರು.

ವರದಿ ಹೋಯಿತು. ಇಲಾಖೆಯವರ ಮುಂದೆ ಅದನ್ನು ವಿವರಿಸಲು ಅವಳನ್ನೇ ನಿಲ್ಲಿಸಿದರು. ಕೊನೆಯ ಸ್ಲೈಡಿನಲ್ಲಿ ಕಾರ್ಮಿಕನೊಬ್ಬನ ಮಾತನ್ನು ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು ಯಾರೋ ಸಲಹೆ ಕೊಟ್ಟಿದ್ದರು. ನಾನು ನೆರಳಿನಲ್ಲಿ ಕುಳಿತಿದ್ದೇನೆ. ಆ ಮಾತಿನ ಕೆಳಗೆ ನಿಂತು ಅವಳು ಧನ್ಯವಾದ ಹೇಳಿದಳು. ಚಪ್ಪಾಳೆ ಬಿತ್ತು. ಆ ತಿಂಗಳೇ ಮಧ್ಯಾಹ್ನದ ಗಸ್ತು ಕಡಿಮೆಯಾಯಿತು. ಯುಸ್ಟೇಸ್ ಸರ್ ಆಫೀಸಿಗೆಲ್ಲ ಬಕ್ಲಾವಾ ಮಿಠಾಯಿ ತರಿಸಿ, ಮೊದಲ ತುಂಡನ್ನು ಅವಳಿಗೇ ಕೊಟ್ಟರು. ತಿಂದಳು. ಉಗುಳಲಿಕ್ಕೆ ಆಗುತ್ತದೆಯೇ?

ಫ್ಲಾವಿಯಾ ಆಂಟಿ ಆ ವಿಷಯ ಮತ್ತೆ ಎತ್ತಲಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಚ್ಚುತ್ತ, "ಇವತ್ತು ಬೆಡ್ ಸಾಲಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು. ಅದನ್ನು ಬೇಕೆಂದೇ ಹೇಳುತ್ತಿದ್ದಳೋ, ಸುಮ್ಮನೆ ಹೇಳುತ್ತಿದ್ದಳೋ, ಕೇಳುವ ಮುಖ ನಿಶ್ಮಿತಾಳಿಗೆ ಇರಲಿಲ್ಲ.

ಆಗಸ್ಟ್ ನಡುವಿನಲ್ಲಿ ಅಣ್ಣನ ಒಂದು ಗಂಟೆಯ ಕರೆ ನಿಂತಿತು. ಒಂದು ದಿನ ಬರಲಿಲ್ಲ, ಮಲಗಿರಬೇಕು ಅಂದುಕೊಂಡಳು. ಮರುದಿನವೂ ಬರಲಿಲ್ಲ. ಸಂಜೆ ಅವಳೇ ಮಾಡಿದರೆ ಒಂದೆರಡು ಮಾತಾಡಿ, ಸುಸ್ತಾಗಿದೆ ಮಗಾ, ಕೆಲಸ ಸ್ವಲ್ಪ ಜಾಸ್ತಿ, ನಾಳೆ ಮಾತಾಡುವ ಅಂದ. ಕೆಮ್ಮು ಹೇಗಿದೆ ಅಂದರೆ, ಕೆಮ್ಮೆಲ್ಲ ಹೋಯ್ತು, ನಾನೀಗ ಫಿಟ್ ಅಂತ ಫೋರ್‌ಮನ್ನೇ ಹೇಳಿದ ಅಂದ. ಹಾಗೆ ಹೇಳುತ್ತಲೇ ಕೆಮ್ಮಿದ.

ಅದರ ಮರುದಿನ ಮಧ್ಯಾಹ್ನ ಒಂದಕ್ಕೆ ಅವಳು ತನ್ನ ಮೊಬೈಲಿನಿಂದ ಅವನಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದಳು. ಯಾರೂ ಎತ್ತಲಿಲ್ಲ. ಕಿಟಕಿಯ ಹೊರಗೆ ಬಿಸಿಲಿಗೆ ಎದುರಿನ ಕಟ್ಟಡ ಕಣ್ಣು ಬಿಡಲಾಗದಷ್ಟು ಬೆಳ್ಳಗೆ ಕಾಣುತ್ತಿತ್ತು. ಅವಳ ಕೈ ಮೇಜಿನ ಮೇಲಿದ್ದ ಆಫೀಸಿನ ಫೋನಿನತ್ತ ಹೋಯಿತು. ಸರ್ವೆಗೆ ಬಳಸಿದ್ದ ಅದೇ ನಂಬರಿನಿಂದ ಅಣ್ಣನಿಗೆ ಮಾಡಿದಳು.

ಮೊದಲ ರಿಂಗಿಗೇ ಎತ್ತಿದರು.

"ಹಾಂ ಸಾಬ್, ಬೋಲಿಯೇ."

ಅಣ್ಣನ ದನಿಯಲ್ಲ. ಯಾರೋ ಬೇರೆಯವನು, ನಿಶ್ಶಕ್ತಿಯ ದನಿ, ಉಸಿರು ಸಿಕ್ಕದವನ ಹಾಗೆ ನಡುವೆ ನಡುವೆ ನಿಲ್ಲುತ್ತಿದ್ದ. ಅವನಿಗೆ ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದರು.

"ಯಾರು ಮಾತಾಡುವುದು?" ಅವಳು ಹಿಂದಿಯಲ್ಲಿ ಕೇಳಿದಳು.

ಬಕೆಟಿನೊಳಗೆ ಫೋನುಗಳು ಒಂದಕ್ಕೊಂದು ತಾಗಿದ ಸದ್ದಾಯಿತು. ಕೈಯಲ್ಲಿರುವುದು ಯಾರ ಫೋನೆಂದು ಅವನು ತಿರುಗಿಸಿ ನೋಡಿರಬೇಕು.

"ಕಮಲಾಕ್ಷ," ಎಂದ. "ನೆರಳಲ್ಲಿ ಕೂತಿದ್ದೇನೆ ಮೇಡಂ. ಆರಾಮವಾಗಿದ್ದೇನೆ."

ಅವನ ಮಾತಿನ ಹಿಂದೆ, ಎತ್ತರದಲ್ಲೆಲ್ಲೋ, ಕಬ್ಬಿಣದ ಶೀಟಿನ ಮೇಲೆ ಸುತ್ತಿಗೆ ಬೀಳುತ್ತಲೇ ಇತ್ತು.

"ಮೇಲೆ ಯಾರಿದ್ದಾರೆ?" ಎಂದು ಕೇಳಿದಳು ನಿಶ್ಮಿತಾ.

"ಮೇಲೆ ಯಾರೂ ಇಲ್ಲ ಮೇಡಂ," ಎಂದ ಅವನು.